ಹೊಗೆ ಬಾರದ ಡಾಂಬರು

ನೂರಾ ಇಪ್ಪತ್ತೆರಡು ಡಿಗ್ರಿ — ಟಿಪ್ಪರಿನ ಡಾಂಬರು ಮಾಲಿಗೆ ಚುಚ್ಚಿದ ಥರ್ಮಾಮೀಟರು ಹಾಗೆ ತೋರಿಸುತ್ತಿದೆ, ಕೈಗೆ ಬಿಸಿ ತಾಗುತ್ತಿದೆ, ಆದರೂ ಕಣ್ಣುರಿಯಿಲ್ಲ, ಗಂಟಲು ಕೆರೆಯುತ್ತಿಲ್ಲ, ಬಸವಕಲ್ಯಾಣದ ಕಡೆಯ ಗಾಳಿಯಲ್ಲಿ ತೊಗರಿ ಹೊಲದ ವಾಸನೆ ಬರುತ್ತಿದೆ, ಡಾಂಬರಿನ ಪಕ್ಕ ನಿಂತು ಹೊಲದ ವಾಸನೆ ಮೂಸಿದ್ದು ಇದೇ ಮೊದಲು, ಇದಕ್ಕಾಗಿಯೇ ಎರಡು ತಿಂಗಳು ಇಂಜಿನಿಯರ್ ಸಂಜುಕುಮಾರ ಸಾಹೇಬರ ಬೆನ್ನು ಹತ್ತಿದ್ದೆ, ಸರ್, ಹಾಟ್ ಮಿಕ್ಸ್ ನೂರಾ ಅರವತ್ತರ ತನಕ ಕಾಯಿಸಬೇಕ್ರಿ, ವಾರ್ಮ್ ಮಿಕ್ಸಿಗೆ ಒಂದು ಕೆಮಿಕಲ್ ಹಾಕಿದ್ರ ನಲವತ್ತು ಡಿಗ್ರಿ ಕಡಿಮಿ ಸಾಕು, ರಸ್ತಾ ಅಷ್ಟೇ ಗಟ್ಟಿ, ಹೊಗಿ ಇರಂಗಿಲ್ರಿ — ಲ್ಯಾಬಿನ ಉಜ್ವಲಾ ತಲೆ ತಿನ್ನುತ್ತಾಳೆಂದು ಬೇಸತ್ತು ನನಗೆ ಒಂದೇ ಒಂದು ಕಿಲೋಮೀಟರ್ ಕೊಟ್ಟರು, ಇದು ಸರಿಹೋದರೆ ಹುಮನಾಬಾದಿನ ತನಕ ಇದನ್ನೇ ಹಾಸೋಣ, ಇಲ್ಲದಿದ್ದರೆ ಹಳೆಯದೇ ಎಂದರು, ಅಣ್ಣನ ಎದೆಯ ಎಕ್ಸ್‌ರೇ ಹಿಡಿದು ಡಾಕ್ಟರು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ, ಇನ್ನೊಂದು ವರ್ಷ ಈ ಹೊಗೆ ನುಂಗಿದರೆ ನನ್ನ ಹತ್ತಿರ ಬರಬೇಡಿ ಎಂದಿದ್ದರು.

ಅಣ್ಣ ಸೂರ್ಯಕಾಂತ, ಡಾಂಬರು ಹಾಸುವ ಗ್ಯಾಂಗನ್ನು ನಡೆಸುವ ಮುಕಾದಮ, ಹದಿನೆಂಟು ವರ್ಷದಿಂದ ಹೊಗೆಯ ಬಣ್ಣ ನೋಡಿಯೇ ಮಾಲಿನ ಬಿಸಿ ಹೇಳುವವನು, ಆ ಕೂಲಿಯಲ್ಲೇ ನನ್ನನ್ನು ಡಿಪ್ಲೊಮಾ ಓದಿಸಿದವನು, ಟಿಪ್ಪರಿನೊಳಗೆ ಇಣುಕಿ ಈ ಮಾಲ್ ಸತ್ತದ ಅಂದ, ಥರ್ಮಾಮೀಟರು ಅವನ ಮೂಗಿಗೇ ಹಿಡಿದೆ, ಅದರ ಮಾತು ಬಿಡು, ಉಗಿ ಬರಲಾರದ ಅನ್ನ ಬೆಂದಿರ್ತದೇನು ತಂಗಿ, ನಾಳಿ ರಸ್ತಾದ ಖಡಿಕಲ್ಲು ಕಿತ್ತು ಬಂದ್ರ ಬೈಗುಳ ನನಗ — ಅಣ್ಣಾ ನನ್ನ ಮ್ಯಾಲ ನಂಬಿಕಿ ಇಡು ಅಂದೆ, ಆತು ಅಂದ, ಆತು ಎಂದದ್ದನ್ನು ನಂಬಿ ಆ ತುದಿಯ ಪದರದ ದಪ್ಪ ಅಳೆಯಲು ಹೋದೆನಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ, ಅಷ್ಟರಲ್ಲಿ ಅವನಿಂದ ಮಾಲು ಕಾಯಿಸುವ ಪ್ಲಾಂಟಿನ ಮುಜಾಫರನಿಗೆ ಫೋನು, ಮುಜಾಫರ್ ಭಾಯಿ, ಭಟ್ಟಿ ಜೋರ್ ಮಾಡು, ಇಲ್ಲಿ ನನ್ನ ಇಜ್ಜತ್ ಹೋಗಾಕತ್ತದ ಎಂದನಂತೆ. ಎರಡನೆಯ ಟಿಪ್ಪರು ಬಂತು, ನೂರಾ ಅರವತ್ತನಾಲ್ಕು, ಹಿಂಬಾಗಿಲು ಬಿಚ್ಚಿದ್ದೇ ತಡ ನೀಲಿ ಹೊಗೆ, ಗ್ಯಾಂಗಿಗೆಲ್ಲ ಹಬ್ಬ, ಸಲಿಕೆಗಳು ಎದ್ದವು, ನನಗೆ ಅಳುವಷ್ಟು ಸಿಟ್ಟು, ಯಾರಿಗಾಗಿ ಇಷ್ಟು ಒದ್ದಾಡಿದೆನೋ ಅವನೇ ಅದಕ್ಕೆ ಬೆಂಕಿ ಹಚ್ಚಿಸಿದ್ದಾನೆ, ಪಕ್ಕದಲ್ಲಿ ಜೀಪು ನಿಂತಿದೆ, ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಇಳಿದರು, ಇದರಾಗೂ ಹೊಗಿ ಅದಲ್ಲಮ್ಮ, ಮತ್ತ ಹಳೇದಕ್ಕೂ ಇದಕ್ಕೂ ಫರಕ್ ಏನು.

ಹೇಳಬಹುದು, ಭಟ್ಟಿ ಜೋರು ಮಾಡಿಸಿದ್ದು ಯಾರೆಂದು ಹೇಳಿದರೆ ಕಿಲೋಮೀಟರ್ ಉಳಿಯುತ್ತದೆ, ಅಣ್ಣನನ್ನು ಈಗಲೇ ಕೆಲಸದಿಂದ ತೆಗೆಯುತ್ತಾರೆ, ತೆಗೆದರೆ ಮನೆಯಲ್ಲಿ ಕೂರುವವನೇ ಅವನು, ಸಂಜೆಯೊಳಗೆ ಬೇರೆ ರಸ್ತೆಯ ಕೆಲಸ ಹುಡುಕುತ್ತಾನೆ, ಅಲ್ಲಿರುವುದೂ ನೂರಾ ಅರವತ್ತೇ, ಜೊತೆಗೆ ತಂಗಿಯೇ ಚಾಡಿ ಚುಗಲಿ ಹೇಳಿದಳೆಂಬ ಮಾತು ಬೇರೆ, ಹೇಳದಿದ್ದರೆ ಹುಮನಾಬಾದಿನ ತನಕ ಇದೇ ಹೊಗೆ, ಸಾಹೇಬರು ಕಾಯುತ್ತಿದ್ದಾರೆ, ಫರಕ್ ಏನಿಲ್ರಿ ಸರ್ ಅಂದೆ, ಅಂದೇಬಿಟ್ಟೆ, ಹಂಗಾದ್ರ ನಾಳಿಯಿಂದ ಹಳೇದೇ ಎಂದು ಅವರು ಜೀಪು ಹತ್ತಿದರು, ಅಣ್ಣ ಮುಖದ ಟವೆಲ್ ಕೆಳಗೆ ಸರಿಸಿ ನನ್ನತ್ತ ಕೂಗುತ್ತಾನೆ, ನೋಡ್ ತಂಗಿ, ಈಗ ಮಾಲಿಗೆ ಜೀವ ಬಂತು — ನಗುತ್ತಿದ್ದಾನೆ, ಹೊಗೆಯ ನಡುವೆ ಬಾಯಿ ಅಗಲವಾಗಿ ತೆರೆದಿದೆ, ಹೊಗೆ ಒಳಗೆ ಹೋಗುತ್ತಿದೆ, ಬಾಯಿ ಮುಚ್ಚು ಅಣ್ಣಾ, ಬಾಯಿ ಮುಚ್ಚು