ಲಾಡಸಾಬನ ಸಿಂಬಿ

“ಕುತಿಗಿ ನಿಲ್ಲವಲ್ದಲ್ಲೋ. ಇನ್ನೊಂದು ಸುತ್ತು ಬಿಗಿ,” ಅಂದ ಪಕ್ಕದ ಮನೆಯ ಸಕ್ರಪ್ಪ.

ದೇವಪ್ಪ ಸತ್ತ ಅಣ್ಣನ ಹಣೆಗೆ ಸುತ್ತಿದ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಜಗ್ಗಿ ಕಟ್ಟಿದ. ಹೆಣವನ್ನು ಕೂಡಿಸುವುದು ಅವರ ಪದ್ಧತಿ. ಮಣ್ಣಿಗೂ ಕೂತೇ ಹೋಗಬೇಕು. ತಿರಕಪ್ಪನ ತಲೆ ಮಾತ್ರ ಮತ್ತೆ ಎಡಕ್ಕೆ ವಾಲಿತು. ಮೂವತ್ತು ವರ್ಷ ಗದಗಿನ ಪೇಟೆಯಲ್ಲಿ ಅರಳೆ ತುಂಬಿದ ಅಂಡಿಗೆ ಹೊತ್ತ ಕುತ್ತಿಗೆ ಅದು.

“ಹೆಣಾ ಆದ್ರೂ ಮಾತು ಕೇಳಾವಲ್ಲ,” ಅಂದ ಸಕ್ರಪ್ಪ. ಹೆಂಗಸರಿಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ತಿರಕಪ್ಪನ ಜೋಡಿ ಹಮಾಲ ಲಾಡಸಾಬ ಹೊರಗೇ ನಿಂತಿದ್ದ. ದೇವಪ್ಪ ಒಳಗೆ ಬಿಟ್ಟಿರಲಿಲ್ಲ.

“ಐತಾರ ಕುತಿಗಿ ತಿಕ್ಕಿದಿ, ಮಂಗಳಾರ ಅರ್ಧಾ ಮೈ ಬಿತ್ತು. ಡಾಕ್ಟರ್ ಚೀಟಿ ಓದಿಸೇನಿ ನಾ. ನಿನ್ನ ಕೈಯಿಂದನ ಹೋದ ನಮ್ಮಣ್ಣ.”

ಲಾಡಸಾಬ ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಅವನ್ನು ಎಲ್ಲಿ ಇಡಬೇಕೋ ತಿಳಿಯದೆ ಬಗಲಲ್ಲಿ ಸಿಗಿಸಿಕೊಂಡ.

*

ಹೋದ ವರ್ಷ ತಿರಕಪ್ಪನಿಗೆ ಎರಡು ಸಲ ಬಲಗೈ ಜೋಮು ಹಿಡಿದು, ಎಡಗಣ್ಣಿಗೆ ಪರದೆ ಇಳಿದಂತಾಗಿ, ಗಳಿಗೆಯಲ್ಲಿ ಸರಿಹೋಗಿತ್ತು. ಹೆಂಡತಿ ಮುತ್ತವ್ವ ಎಳೆದುಕೊಂಡು ಹೋದಾಗ ಡಾಕ್ಟರು ಕುತ್ತಿಗೆಗೆ ನಳಿಗೆ ಒತ್ತಿ ಬಹಳ ಹೊತ್ತು ಕೇಳಿದರು.

“ರಕ್ತದ ಒತ್ತಡ ಭಾಳ ಐತಿ. ಕುತಿಗಿ ರಕ್ತನಾಳದಾಗ ಜಿಡ್ಡು ಕಟ್ಟಿ ದಾರಿ ಸಣ್ಣದಾಗೈತಿ. ಅದರದೊಂದು ಚೂರು ಕಿತ್ತು ಮಿದುಳಿಗೆ ಹೋದ್ರ ಲಕ್ವಾ. ಬೀಡಿ ಬಿಡು, ಉಪ್ಪು ಬಿಡು, ಅಂಡಿಗಿ ಬಿಡು. ಕುತಿಗಿ ತಿಕ್ಕಿಸ್ಕೊಬ್ಯಾಡ.”

“ಇಷ್ಟೆಲ್ಲಾ ಬಿಟ್ಟ ಮ್ಯಾಲ ಉಳಿಯಾವ ಯಾರ್ರಿ ಸಾಹೇಬ್ರ?”

ಹೊರಗೆ ಬಂದವನೇ ಬೀಡಿ ಹಚ್ಚಿ, ಮುತ್ತವ್ವನಿಗೆ ಅಂದ.

“ಲಾಡ್ಯಾಗ ಹೇಳಬ್ಯಾಡ. ಹೇಳಿದ್ರ ಅಂಡಿಗಿ ಮುಟ್ಟಾಕ ಬಿಡೂದಿಲ್ಲ, ಐತಾರ ತಿಕ್ಕೂದೂ ಇಲ್ಲ. ವಾರಪೂರ್ತಿ ಹೊತ್ತ ಕುತಿಗಿಗೆ ಅದೊಂದ ಸುಖ.”

ಮೊನ್ನೆ ಕರ್ನಾಟಕ ಒಂದಾದ ಗುರುವಾರ, ಮೆರವಣಿಗೆಯಲ್ಲಿ ಬೆಟಗೇರಿಯ ತನಕ ನಗಾರಿ ಹೊತ್ತವನೂ ಅವನೇ.

*

ಹೆಣದ ಮಗ್ಗುಲಲ್ಲಿ ಕೂತಿದ್ದ ಮುತ್ತವ್ವ ಎದ್ದು ನಿಂತಳು.

“ದೇವಪ್ಪಾ, ಚೀಟಿ ಓದಿಸಿದ್ರ ಪೂರಾ ಓದಿಸಬೇಕು. ಮೊದಲ ಬೀಡಿ ಐತಿ ಅದರಾಗ. ಸೇದಿದಾವ ನಿಮ್ಮಣ್ಣ, ಸೊರಟೂರಿಂದ ಬಂದಾಗೊಮ್ಮೆ ಕಟ್ಟು ತಂದುಕೊಟ್ಟಾವ ನೀ. ಆಮ್ಯಾಲ ಉಪ್ಪು. ಹಾಕಿದಾಕಿ ನಾ. ತಿಕ್ಕಬ್ಯಾಡ ಅಂದದ್ದು ನಿಮ್ಮಣ್ಣಾ ನಾ ಇಬ್ರೂ ಕೇಳೀವಿ. ಲಾಡಸಾಬಗ ಹೇಳಿದಾವ್ರು ಯಾರು?”

“ವೈನಿ, ಮಂದಿ ಏನಂದಾರು…”

“ಏನರ ಅನ್ಲಿ. ಮಂದಿ ಕುತಿಗಿ ಅಲ್ಲ ಇದು. ಲಾಡಸಾಬಣ್ಣ, ಒಳಗ ಬಾ.”

ಲಾಡಸಾಬ ಹೊಸ್ತಿಲ ತನಕ ಬಂದು ನಿಂತ. “ಗೊತ್ತಿದ್ರ ಮುಟ್ಟತಿದ್ದಿಲ್ಲ ತಂಗೀ.”

“ಅದಕ್ಕ ಹೇಳಲಿಲ್ಲ ಅಂವ. ಬಾ. ನಿನ್ನ ಕೈ ಬಿಟ್ಟು ಯಾರ ಮಾತೂ ಕೇಳೂದಿಲ್ಲ ಇದು.”

ಅವಳು ಔಡಲೆಣ್ಣೆಯ ಬಟ್ಟಲನ್ನು ಅವನ ಮುಂದಿಟ್ಟಳು. ಭಾನುವಾರದ ಎಣ್ಣೆ ಇನ್ನೂ ತಳದಲ್ಲಿತ್ತು.

ಲಾಡಸಾಬ ಎಣ್ಣೆ ಹಚ್ಚಿಕೊಂಡು, ಕಿವಿಯ ಹಿಂದಿನಿಂದ ಹೆಗಲ ತನಕ, ಎಂದಿನಂತೆ ನೀವಿದ. ತಲೆಯನ್ನು ಮೆಲ್ಲಗೆ ನೆಟ್ಟಗೆ ತಂದ. ಅಂಡಿಗೆಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ತನ್ನ ಬಟ್ಟೆಯ ಸಿಂಬಿಯನ್ನು ಸೊಂಟದಿಂದ ಬಿಚ್ಚಿ, ಗೋಡೆಗೂ ಕುತ್ತಿಗೆಗೂ ನಡುವೆ ಸಿಗಿಸಿ, ಕೈ ತೆಗೆದ.

ದೇವಪ್ಪ ಎದ್ದು ಹೋಗಿ, ಗೂಟದ ಗಂಟು ಬಿಚ್ಚಿದ. ತಲೆ ಅಲುಗಲಿಲ್ಲ.