ಕರಿಚಿನ್ನದ ಕಷಾಯ

ಎಂಬತ್ತೆಂಟು ಸಾವಿರ ರಿಂಗಿಟ್ ಎಂದು ಕೂಗಿದ ಗಳಿಗೆಯಲ್ಲಿ ಟೆಕ್ ಸೆಂಗನ ಕೈಯಲ್ಲಿದ್ದದ್ದು ಅರ್ಧ ಕಚ್ಚಿದ ಏಡಿಯ ಕಾಲು. ಕೈಯೆತ್ತುವ ಅವಸರದಲ್ಲಿ ಅದನ್ನು ತಟ್ಟೆಗಿಡುವುದು ಮರೆತುಹೋಗಿತ್ತು. ಖಾರದ ರಸ ಮುಂಗೈಯಿಂದ ಇಳಿದು ರೇಷ್ಮೆ ಅಂಗಿಯ ತೋಳಿಗೆ ಹತ್ತಿತು. ಪಕ್ಕದಲ್ಲಿದ್ದ ಹೆಂಡತಿ ಬೀ ಚೂ ಮೇಜಿನ ಕೆಳಗೆ ಇನ್ನೊಂದು ಸಲ ಒದ್ದಳು. ಮೊದಲ ಒದೆ ಐವತ್ತು ಸಾವಿರದ ಹೊತ್ತಿಗೇ ಬಿದ್ದಿತ್ತು.

ಹರಾಜಿಗಿದ್ದದ್ದು ಒಂದು ತುಂಡು ಇದ್ದಿಲು.

ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ ಸತ್ತವರೆಲ್ಲ ಊರು ತಿರುಗಲು ಬರುತ್ತಾರೆ. ಅವರಿಗೆ ಎಡೆಯಿಟ್ಟ ಮೇಲೆ ಮಾರ್ಕೆಟ್ ಬೀದಿಯ ಪೂಜಾ ಸಮಿತಿ ಬದುಕಿರುವವರಿಗೂ ಊಟ ಹಾಕಿ ಹರಾಜು ನಡೆಸುತ್ತದೆ. ಅಕ್ಕಿಯ ಡ್ರಮ್ಮು, ಬ್ರಾಂದಿ ಬಾಟಲಿ, ಚಿನ್ನದ ಕಾಗದದ ಅನಾನಸು, ಎಲ್ಲ ಮುಗಿದ ಮೇಲೆ ಕರಿಚಿನ್ನ. ಅಂದರೆ ಕೆಂಪು ರಿಬ್ಬನ್ನು ಕಟ್ಟಿದ, ಮೊಳಕೈಯುದ್ದದ ಇದ್ದಿಲು. ಅದನ್ನು ವರ್ಷವಿಡೀ ದೇವರ ಪೀಠದ ಮೇಲಿಟ್ಟವನ ವ್ಯಾಪಾರ ಕೆಂಡದಂತೆ ಹೊಳೆಯುತ್ತದೆಂದು ನಂಬಿಕೆ. ಬಂದ ದುಡ್ಡು ಶಾಲೆಗೆ ಹೋಗುತ್ತದೆ, ಕೊಟ್ಟವನ ಫೋಟೋ ಪೇಪರಿಗೆ ಹೋಗುತ್ತದೆ. ಕೈಯೆತ್ತಿದ್ದು ಯಾವುದಕ್ಕೆ ಎಂದು ಕೇಳಿದರೆ ಎಲ್ಲರೂ ಶಾಲೆಗೆ ಎನ್ನುತ್ತಾರೆ.

ಹಿಂದಿನ ಮೂರು ವರ್ಷವೂ ಅದನ್ನು ಮನೆಗೊಯ್ದವನು ಸೂಪಿಗೆ ಬೇಯಿಸುವ ದುಬಾರಿ ಹಕ್ಕಿಗೂಡಿನ ವ್ಯಾಪಾರಿ ಯಾಪ್. ಊರಿನವರು ಅವನನ್ನು ಯಾಪ್ ತೌಕೆ ಎನ್ನುತ್ತಿದ್ದರು. ತೌಕೆ ಎಂದರೆ ಧಣಿ. ಟೆಕ್ ಸೆಂಗನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅದೊಂದೇ ಮಾತು. ಚೀನಾದವರಿಗೆ ಡುರಿಯನ್ ಹಣ್ಣಿನ ಹುಚ್ಚು ಹತ್ತಿದಾಗಿನಿಂದ ಅವನ ತೋಟದ ಮರಗಳು ದುಡ್ಡು ಸುರಿಸಿದ್ದವು. ಮೂರಂತಸ್ತಿನ ಮನೆ ಎದ್ದಿತು. ಬಾಗಿಲಲ್ಲಿ ಎರಡು ಕಲ್ಲಿನ ಸಿಂಹಗಳು ಕುಳಿತವು. ಯಾರೂ ನುಡಿಸದ ಪಿಯಾನೊ, ಯಾರೂ ಕುಡಿಯದ ವೈನಿನ ಕಪಾಟು, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಇಟಲಿಯ ಸೋಫಾ, ಒಂದು ಈರುಳ್ಳಿಯನ್ನೂ ಹೆಚ್ಚದ ಮುಂದಿನ ಅಡುಗೆಮನೆ, ಇಷ್ಟೆಲ್ಲ ಆದರೂ ಊರಿನ ಬಾಯಲ್ಲಿ ಅವನು ಇದ್ದಿಲಮ್ಮನ ಮಗನೇ. ಅವನಮ್ಮ ಗೈಕ್ ಸಿಮ್ ಹೊಳೆಯ ಅಳಿವೆಯ ದಡದ ಇದ್ದಿಲ ಭಟ್ಟಿಯಲ್ಲಿ ಮೂಟೆ ಹೊತ್ತೇ ಅವನನ್ನು ಸಾಕಿದ್ದಳು. ಅರ್ಧರಾತ್ರಿಯಲ್ಲಿ ಕೊಡೆ ಹಿಡಿದವರನ್ನು ನೋಡಿ ನಗುವ ಊರು ಅದು. ಕೊಡೆ ಯಾವ ಅಂಗಡಿಯದು ಎಂದು ಗುಟ್ಟಾಗಿ ವಿಚಾರಿಸುವ ಊರೂ ಹೌದು.

ಯಾಪ್ ತೌಕೆ ಎಂಬತ್ತೈದಕ್ಕೆ ನಿಲ್ಲಿಸಿ, ಹಲ್ಲು ಕಡ್ಡಿ ತೆಗೆದುಕೊಂಡು, ಸುಮ್ಮನೆ ನಕ್ಕ. ಟೆಕ್ ಸೆಂಗ್ ಗೆದ್ದ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

ಡೋಲು ತಾಳ ಬಡಿಯುತ್ತ, ಎರಡು ಸಿಂಹದ ವೇಷ ಕುಣಿಸುತ್ತ ಸಮಿತಿಯವರು ಇದ್ದಿಲನ್ನು ಅರಗಿನ ತಟ್ಟೆಯಲ್ಲಿ ಮೆರವಣಿಗೆ ಮಾಡಿ ಮನೆಗೆ ತಂದು, ಪೀಠದ ಮೇಲಿಟ್ಟು, ಕೈಮುಗಿದು ಹೋದರು. ಹಿಂದಿನ ಅಡುಗೆಮನೆಯಲ್ಲಿ ಮೊಳಕೆಕಾಳಿನ ಬಾಲ ಚಿವುಟುತ್ತಿದ್ದ ಗೈಕ್ ಸಿಮ್ ಸದ್ದಡಗಿದ ಮೇಲೆ ಎದ್ದು ಬಂದಳು.

"ಏನೋ ಇದು?"

"ಕರಿಚಿನ್ನ ಅಮ್ಮ," ಎಂದ ಟೆಕ್ ಸೆಂಗ್ ಪಿಸುದನಿಯಲ್ಲಿ.

"ಇದ್ದಿಲು."

"ಇದ್ದಿಲೇ ಅನ್ನು. ಆದ್ರೆ ಪೂಜೆ ಆಗಿರೋದು."

"ಎಷ್ಟು ಕೊಟ್ಟೆ?"

ಬೀ ಚೂ ಮಹಡಿ ಮೆಟ್ಟಿಲು ಹತ್ತಿ ಮಾಯವಾದಳು. ಟೆಕ್ ಸೆಂಗ್ ಎರಡು ಸೊನ್ನೆಗಳನ್ನು ನುಂಗಿಕೊಂಡು, "ಎಂಟ್ನೂರ ಎಂಬತ್ತು," ಎಂದ.

"ಎಂಟ್ನೂರಾ! ಒಂದ್ ತುಂಡಿಗಾ!" ಮುದುಕಿ ಪೀಠವನ್ನೇ ಹಿಡಿದು ನಿಂತಳು. "ನನ್ನ ಒಂದ್ ಮಾತು ಕೇಳಿದ್ರೆ ಮೂಟೇನೇ ತರಿಸ್ಕೊಡ್ತಿದ್ನಲ್ಲೋ! ದುಡ್ಡೇನು ನಿನ್ ಮರದಲ್ಲಿ ಬಿಡತ್ತಾ?"

ದುಡ್ಡು ನಿಜವಾಗಿಯೂ ಅವನ ಮರದಲ್ಲೇ ಬಿಡುತ್ತಿತ್ತು. ಆದರೆ ಅದನ್ನು ಹೇಳುವ ಸಮಯ ಅದಲ್ಲ.

ಬೆಳಗ್ಗೆ ಏಳುವಾಗ ಅವನಿಗೆ ಜ್ವರ. ಗಂಟಲಿನಿಂದ ಗಾಳಿ ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಅವತ್ತೇ ಸಂಜೆ ಯಾಪ್ ತೌಕೆಯೂ ಸಮಿತಿಯವರೂ ಪೇಪರಿನ ಫೋಟೋಗ್ರಾಫರನನ್ನು ಕರೆದುಕೊಂಡು ಊಟಕ್ಕೆ ಬರುವವರಿದ್ದರು. ಗೆದ್ದವನ ಮನೆಯಲ್ಲಿ ಕರಿಚಿನ್ನದ ಜೊತೆ ಫೋಟೋ ತೆಗೆಯುವುದು ವಾಡಿಕೆ. ದನಿ ಇಲ್ಲದಿದ್ದರೇನು, ಫೋಟೋಕ್ಕೆ ದನಿ ಬೇಡ ಎಂದುಕೊಂಡು ಅವನು ಮಲಗಿದ್ದಾಗ ಅಮ್ಮ ಬಟ್ಟಲು ಹಿಡಿದು ಬಂದಳು.

ಬೇರು ನಾರು ಕುದಿಸಿದ ಕಪ್ಪು ಕಷಾಯ. ಅವನು ಮೂಗು ಹಿಡಿದು ಅರ್ಧ ಕುಡಿದ. ಎಂದಿನಷ್ಟು ಕಹಿ ಇರಲಿಲ್ಲ. ಚೆನ್ನಾಗಿದೆ ಎಂದು ತಲೆಯಾಡಿಸಿದ.

"ಇರದೆ ಏನು," ಎಂದಳು ಗೈಕ್ ಸಿಮ್. "ಗ್ಯಾಸಲ್ಲಿ ಕುದಿಸಿದ್ರೆ ಇಂಥ ಹದ ಎಲ್ಲಿ ಬರತ್ತೆ? ಒಳ್ಳೇ ಇದ್ದಿಲು ಕಣೋ. ಹೊಗೇನೇ ಇಲ್ಲ."

ಅವನು ಬಟ್ಟಲನ್ನು ಬಾಯಿಂದ ಇಳಿಸಿದ. ಚಡ್ಡಿಯಲ್ಲೇ ಮೆಟ್ಟಿಲು ಇಳಿದು ಓಡಿದ. ಪೀಠದ ಮೇಲೆ ತಟ್ಟೆಯಿತ್ತು, ಅಚ್ಚುಕಟ್ಟಾಗಿ ಮಡಿಸಿಟ್ಟ ಕೆಂಪು ರಿಬ್ಬನ್ನು ಇತ್ತು. ಹಿಂದಿನ ಅಡುಗೆಮನೆಯ ಮಣ್ಣಿನ ಒಲೆಯಲ್ಲಿ ಅವನ ಕರಿಚಿನ್ನ ಬೂದಿ ಹೊದ್ದು, ನಡುನಡುವೆ ಕೆಂಪಾಗಿ ಕಣ್ಣು ಬಿಡುತ್ತಿತ್ತು. ವ್ಯಾಪಾರ ಕೆಂಡದಂತೆ ಹೊಳೆಯಲಿ ಎಂದು ಹರಸಿದ್ದರಲ್ಲ, ಹೊಳೆಯುತ್ತಿತ್ತು.

ಅವನು ಕಿರುಚಿದ. ದನಿ ಇಲ್ಲದ್ದರಿಂದ ಬಾಯಿ ಮಾತ್ರ ತೆರೆಯಿತು.

"ಏನಾಯ್ತೋ, ಆಕಳಿಕೆಯಾ?" ಎಂದಳು ಹಿಂದೆಯೇ ಬಂದ ಅಮ್ಮ. "ಎಂಟ್ನೂರು ಕೊಟ್ಟಿದೀಯಾ, ನಿನ್ ಮೈಗೇ ಉಪಯೋಗ ಆಗ್ಲಿ ಅಂತ ಮೂರು ತುಂಡು ಮಾಡ್ದೆ. ದೇವ್ರೇನು ಚಳೀಲಿ ನಡುಗ್ತಿದ್ನಾ?"

ವಿಷಯ ತಿಳಿದ ಬೀ ಚೂ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುವುದನ್ನು ನೋಡಿ ಅಳುತ್ತಿದ್ದಾಳೆ ಎಂದು ಅವನು ತಿಳಿದ. ಅವಳು ಅತ್ತೆಗೆ ಕೇಳದಂತೆ ಕಿವಿಯಲ್ಲಿ ಹೇಳಿದಳು: "ರೀ, ಮೊದ್ಲು ಮೇಲೆ ಹೋಗಿ ಬಟ್ಲು ಖಾಲಿ ಮಾಡಿ. ಇನ್ನೂ ನಲವತ್ನಾಲ್ಕು ಸಾವ್ರ ಅದ್ರಲ್ಲೇ ಇದೆ."

"ಸಂಜೆ ಯಾಪ್ ಬರ್ತಾನೆ," ಎಂದು ಅವನು ಪಿಸುಗುಟ್ಟಿದ. "ಅಮ್ಮ ಅದ್ರಲ್ಲಿ ಕಷಾಯ ಕಾಯಿಸಿದ್ಲು ಅಂತ ಗೊತ್ತಾದ್ರೆ ಮುಗೀತು. ನನ್ ಮೊಮ್ಮಕ್ಕಳ ಕಾಲಕ್ಕೂ ಈ ಊರು ನಗತ್ತೆ."

"ಇದ್ದಿಲು ತಾನೇ ಬೇಕಾಗಿರೋದು?" ಎಂದಳು ಗೈಕ್ ಸಿಮ್, ಕೈ ಒರೆಸಿಕೊಳ್ಳುತ್ತ. "ಅದಕ್ಯಾಕೆ ಹೆಣ ಬಿದ್ದೋರ ಥರ ಮುಖ ಮಾಡ್ಕೊಂಡಿದೀಯ? ಕಾರ್ ತೆಗಿ."

ಅಪ್ಪ ತೀರಿಕೊಂಡ ಮೇಲೆ ಟೆಕ್ ಸೆಂಗ್ ಭಟ್ಟಿಯ ಕಡೆ ತಲೆ ಹಾಕಿರಲಿಲ್ಲ. ಮಳೆಗುಂಡಿ ತುಂಬಿದ ದಾರಿಯಲ್ಲಿ ಅವನ ಬಿಳಿ ಚರ್ಮದ ಸೀಟಿನ ಕಾರು ಕುಂಟುತ್ತ ಹೋಯಿತು. ತಗಡಿನ ಮಾಡು, ಇಟ್ಟಿಗೆಯ ಗುಮ್ಮಟದಂಥ ಭಟ್ಟಿಗಳು, ಹಸಿ ಮರ ಬೇಯುವ ವಾಸನೆ, ಎಲ್ಲವೂ ಇದ್ದಲ್ಲೇ ಇದ್ದವು. ಈಗ ಭಟ್ಟಿ ನೋಡಿಕೊಳ್ಳುವ ಸ್ವೀ ಎಂಗ್ ಒಂದು ಕಾಲದಲ್ಲಿ ಅಮ್ಮನ ಜೊತೆ ಮೂಟೆ ಹೊತ್ತವಳು. ಕಾರು ನೋಡಿ ಸರ್ಕಾರದವರು ಬಂದರೆಂದು ಹೆದರಿ ಒಳಗೆ ಹೋದವಳು, ಇಳಿದದ್ದು ಯಾರೆಂದು ಕಂಡು ಓಡಿ ಬಂದಳು.

"ಅಕ್ಕಾ! ಇನ್ನೂ ಬದ್ಕಿದೀರಾ!"

"ಸತ್ತಿದ್ರೆ ಈ ತಿಂಗಳು ನಿಮ್ಮನೆಗೇ ಊಟಕ್ಕೆ ಬರ್ತಿದ್ದೆ."

"ಇವ್ನು ಆ ಮೂಟೆ ಸಂದೀಲಿ ಮಲಗ್ತಿದ್ನಲ್ಲ, ಅವ್ನಾ? ಎಷ್ಟು ಹೊಟ್ಟೆ ಬಂದಿದ್ಯೋ ನಿಂಗೆ! ಮಾತಾಡಲ್ವಾ? ಸಾಹುಕಾರ ಆದ್ಮೇಲೆ ನಮ್ಮ ಜೊತೆ ಮಾತು ಬಿಟ್ಯಾ?"

ಅವನು ಗಂಟಲು ತೋರಿಸಿದ. ನಂಬಿದ ಹಾಗೆ ಕಾಣಲಿಲ್ಲ. ಅವನು ರಾಶಿಯೊಳಗೆ ಕೈ ಹಾಕಿ, ಕಳೆದುಕೊಂಡದ್ದರ ಅಳತೆಗೆ ಸರಿಯಾದ ತುಂಡು ಹುಡುಕತೊಡಗಿದ. ಬೆವರು ಒರೆಸಿಕೊಂಡ, ಮತ್ತೆ ಹುಡುಕಿದ. ಕೊನೆಗೆ ಸಿಕ್ಕಿತು. ದುಡ್ಡು ತೆಗೆದರೆ ಸ್ವೀ ಎಂಗ್ ಅವನ ಕೈಗೇ ಹೊಡೆದಳು. "ಇದ್ದಿಲಮ್ಮನ ಹತ್ರ ಇದ್ದಿಲಿಗೆ ದುಡ್ಡಾ? ನಡಿಯೋ."

ವಾಪಸು ಬರುವಾಗ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಉಗುರಿನಿಂದ ತಟ್ಟಿದಳು. ಟಣ್ ಎಂದಿತು. "ಕೇಳ್ದ್ಯಾ? ಚೆನ್ನಾಗಿ ಬೆಂದಿದೆ." ಆ ಸದ್ದು ಅವನಿಗೆ ಗೊತ್ತಿತ್ತು. ಮೂಟೆಗಳ ಸಂದಿಯಲ್ಲಿ ಅದನ್ನು ಕೇಳುತ್ತಲೇ ಅವನು ನಿದ್ದೆ ಹೋಗುತ್ತಿದ್ದ. ಯಾಕೋ ಸಂಕಟವಾಯಿತು. ಆದರೆ ಬಿಳಿ ಸೀಟಿನ ಮೇಲೆ ಮಸಿ ಉದುರುವುದು ಕಣ್ಣಿಗೆ ಬಿದ್ದು, ಸಂಕಟ ಆ ಕಡೆ ತಿರುಗಿತು.

ಸಂಜೆ ಜನ ಬಂದರು. ಇಟಲಿಯ ಸೋಫಾ ಅವರ ಕೆಳಗೆ ಪ್ಲಾಸ್ಟಿಕ್ಕಿನ ದನಿಯಲ್ಲಿ ಕಿರುಗುಟ್ಟಿತು. ಯಾಪ್ ತೌಕೆ ನೇರವಾಗಿ ಪೀಠದ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ರಿಬ್ಬನ್ನು ಕಟ್ಟಿದ್ದ ಹೊಸ ಇದ್ದಿಲಿನ ಮೇಲೆ ಬಗ್ಗಿದ.

"ನೋಡಿ, ನೋಡಿ," ಎಂದ ಯಾಪ್ ಎಲ್ಲರ ಕಡೆ ತಿರುಗಿ. "ನಿನ್ನೆ ವೇದಿಕೆ ಮೇಲಿದ್ದಾಗ ಇಷ್ಟು ಕಳೆ ಇರ್ಲಿಲ್ಲ. ಪೂಜೆ ಆದ ವಸ್ತು ಅಂದ್ರೆ ಹಾಗೇ. ಮಾಮೂಲಿ ಇದ್ದಿಲಿಗೂ ಇದಕ್ಕೂ ಇರೋ ವ್ಯತ್ಯಾಸ ನನ್ನಂಥವನಿಗೆ ಒಂದೇ ನೋಟಕ್ಕೆ ಗೊತ್ತಾಗತ್ತೆ."

ಎಲ್ಲರೂ ಹೌದು ಹೌದು ಎಂದರು. ಬೀ ಚೂ ಅವಸರವಾಗಿ ಒಳಗೆ ಹೋದಳು. ಗಂಡಾಂತರ ಕಳೆಯಿತೆಂದು ಟೆಕ್ ಸೆಂಗ್ ಉಸಿರು ಬಿಡುವಷ್ಟರಲ್ಲಿ, ಚಹಾ ತಂದ ಗೈಕ್ ಸಿಮ್ ಕಡೆ ಯಾಪ್ ನೋಡಿದ. ಆ ಮುದುಕಿಯ ನಾಲಿಗೆ ಎಂಥದೆಂದು ಊರಿಗೆಲ್ಲ ಗೊತ್ತು. ಅವನು ಬೇಕೆಂದೇ ಹೇಳಿದ.

"ಅಮ್ಮ, ನಿಮ್ ಮಗನ ಗುಂಡಿಗೆ ಗಟ್ಟಿ. ಒಂದ್ ತುಂಡು ಇದ್ದಿಲಿಗೆ ಎಂಬತ್ತೆಂಟು ಸಾವ್ರ ಅಂತ ಕೂಗಿದ್ನಲ್ಲ! ನಿಮ್ಗೂ ಖುಷಿ ಆಗಿರ್ಬೇಕು?"

ಗೈಕ್ ಸಿಮ್ ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಅವಳು ಮಗನನ್ನು ನೋಡಿದಳು. ಅವನ ಗಂಟಲಲ್ಲಿ ಮಾತಿರಲಿಲ್ಲ, ಕಣ್ಣಲ್ಲೇ ಬೇಡಿಕೊಂಡ. ಮೂರನೆಯ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಬಂದ ದಿನ ನಿಂತಿದ್ದ ಹಾಗೇ ನಿಂತಿದ್ದ. ಫೋಟೋಗ್ರಾಫರನೂ ಕ್ಯಾಮೆರಾ ಇಳಿಸಿ ಕಾದ.

ಮುದುಕಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಬರೀ ಎಂಬತ್ತೆಂಟಾ?" ಎಂದಳು. "ಇವ್ನು ಚಿಕ್ಕಂದಿನಿಂದ ಜಿಪುಣ. ದೇವ್ರ ಕೆಲ್ಸ ಅಲ್ವಾ, ಒಂದ್ ಲಕ್ಷನಾದ್ರೂ ಕೂಗ್ಬೇಕಿತ್ತು. ಅದ್ಯಾರೋ ಅಷ್ಟಕ್ಕೂ ಮುಂಚೇನೇ ನಿಲ್ಲಿಸ್ಬಿಟ್ರಲ್ಲ, ಯಾರಪ್ಪಾ ಅವ್ರು? ಪಾಪ, ವ್ಯಾಪಾರ ಸರಿ ಇಲ್ವಾ ಅವ್ರಿಗೆ?"

ಸೋಫಾದ ಮೇಲೆ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಯಾಪ್ ತೌಕೆಯ ಮುಖ ಇಂಗು ತಿಂದ ಮಂಗನಂತಾಯಿತು. ಅವನು ಚಹಾ ತೆಗೆದುಕೊಂಡ. ಬಿಸಿ ಎನ್ನುವುದನ್ನೂ ನೋಡದೆ ಕುಡಿದ.

ಫೋಟೋ ತೆಗೆದದ್ದಾಯಿತು. ಟೆಕ್ ಸೆಂಗ್ ಇದ್ದಿಲಿನ ತಟ್ಟೆ ಹಿಡಿದು ನಡುವೆ ನಿಂತ, ಅಮ್ಮ ಪಕ್ಕದಲ್ಲಿ. ನಗಿ ಎಂದ ಫೋಟೋಗ್ರಾಫರ್ ತಾನೇ ಹೆಚ್ಚು ನಗುತ್ತಿದ್ದ. ಊಟ ಮುಗಿಸಿ ಹೊರಡುವಾಗ ಯಾಪ್ ಬಾಗಿಲಲ್ಲಿ ನಿಂತು, ವಿಧಿಯಿಲ್ಲದೆ, ಎಲ್ಲರಿಗೂ ಕೇಳುವಂತೆ ಅಂದ: "ಬರ್ತೀನಿ, ಟೆಕ್ ಸೆಂಗ್ ತೌಕೆ."

ಅದೇ ಮಾತು. ಕೊನೆಗೂ ಬಂತು. ಟೆಕ್ ಸೆಂಗನಿಗೆ ಕುಣಿಯಬೇಕೆನಿಸಬೇಕಿತ್ತು. ಆದರೆ ತಿರುಗಿ ನೋಡಿದರೆ ಅಮ್ಮ ಅಲ್ಲಿರಲಿಲ್ಲ.

ಹಿಂದಿನ ಅಡುಗೆಮನೆಯಲ್ಲಿ ಅವಳು ಗಿಡ್ಡ ಸ್ಟೂಲಿನ ಮೇಲೆ ಕುಳಿತು ಒಲೆಯನ್ನು ಕೆದಕುತ್ತಿದ್ದಳು. ಬೆಳಗ್ಗೆ ನೀರು ಚಿಮುಕಿಸಿ ಉಳಿಸಿದ್ದ ತುಂಡೊಂದು ಮತ್ತೆ ಹೊತ್ತಿಕೊಂಡಿತ್ತು. ಅವನು ಎದುರಿಗೆ ನೆಲದ ಮೇಲೆ ಕುಳಿತ. ಬೈಗುಳಕ್ಕೆ ಕಾದ.

"ಹಾಗಾದ್ರೆ ನಾನೂ ನಿಮ್ಮಪ್ಪನೂ ಅಷ್ಟು ವರ್ಷ ಚಿನ್ನ ಹೊತ್ವಿ ಅನ್ನು," ಎಂದಳು ಕೊನೆಗೆ. "ಒಬ್ರಾದ್ರೂ ಹೇಳ್ಬಾರ್ದಿತ್ತಾ? ಸ್ವಲ್ಪ ಮೆತ್ತಗೆ ಇಳಿಸ್ತಿದ್ವಿ."

ಅವನಿಗೆ ತಲೆಯೆತ್ತಲು ಆಗಲಿಲ್ಲ. ನಾಚಿಕೆಯಾಯಿತು. ಯಾಪ್‌ನ ಮುಂದೆ ಆಗಬಹುದೆಂದು ದಿನವಿಡೀ ಹೆದರಿದ್ದ ನಾಚಿಕೆ ಅದಲ್ಲ, ಬೇರೆಯದು.

ಅವಳು ಕಷಾಯ ಬಗ್ಗಿಸಿ ಕೊಟ್ಟಳು. "ಕುಡಿ. ತಳದಲ್ಲಿ ಒಂದ್ ತೊಟ್ಟೂ ಬಿಡಕೂಡ್ದು."

ಅವನು ಕುಡಿದ. ಈ ಸಲ ಮೂಗು ಹಿಡಿಯಲಿಲ್ಲ. ಅಮ್ಮ ಅಂಗಿಯ ತುದಿ ಹಿಡಿದು ಅವನ ಮೂಗನ್ನು ಉಜ್ಜಿದಳು. ಬಟ್ಟೆ ಕಪ್ಪಾಯಿತು.

"ಮಸಿಯಾ?" ಎಂದು ಅವನು ಪಿಸುಗುಟ್ಟಿದ. "ಯಾವಾಗಿಂದ ಇದೆ?"

"ಭಟ್ಟಿಯಿಂದ ಬಂದಾಗಿಂದ."

"ಫೋಟೋ ತೆಗೆಯೋವಾಗ್ಲೂ?"

"ಹ್ಞೂಂ. ಮೂಗಿಂದ ಕಿವಿವರೆಗೆ."

"ಹೇಳ್ಬಾರ್ದಿತ್ತೇನಮ್ಮ!"

"ಫೋಟೋಗೆ ಮುಂಚೆ ಹೇಳೋಣ ಅಂತಿದ್ದೆ. ನೀನು ಎಂಟ್ನೂರು ಅಂದಿದ್ಯಲ್ಲ, ಅದಕ್ಕೆ ಹೇಳ್ಲಿಲ್ಲ." ಅವಳು ಬಟ್ಟಲು ವಾಪಸು ತೆಗೆದುಕೊಂಡು, ತಳ ನೋಡಿ, ತೃಪ್ತಿಯಿಂದ ಪಕ್ಕಕ್ಕಿಟ್ಟಳು. "ನಾಳೆ ಪೇಪರ್ ನೋಡಿದೋರು ಇದ್ದಿಲಮ್ಮನ ಮಗ ಅಂತಾರೆ. ಅನ್ಲಿ ಬಿಡು. ಸುಳ್ಳಾ?"

"ಅಲ್ಲಮ್ಮ," ಎಂದ ಟೆಕ್ ಸೆಂಗ್.

ದನಿ ಗಟ್ಟಿಯಾಗಿಯೇ ಬಂತು. ಮುಂದಿನ ಅಡುಗೆಮನೆಯಲ್ಲಿದ್ದ ಬೀ ಚೂಗೂ ಕೇಳಿಸಿತು. ಕಷಾಯ ಕೆಲಸ ಮಾಡಿತ್ತು.