ಎಂಜಿನ್ನಿನೊಳಗಿನ ಬಡಿತ

ಬಹಳ ಹಿಂದೆ, ಗೋಡೆಗಳೆಲ್ಲ ಆಳುದ್ದ ದಪ್ಪವಿದ್ದ ಕಾಲದಲ್ಲಿ, ಒಂದು ಅರಮನೆಯ ಗೋಡೆಯೊಳಗೆ ಯಾರೋ ಬಡಿಯುತ್ತಿದ್ದರಂತೆ. ರಾಜನಿಗೆ ಕೇಳಿಸದು, ಕಿರಿಯ ಮಗಳಿಗೆ ಮಾತ್ರ ಕೇಳಿಸುವುದು. ಅಜ್ಜಿ ಚಂದ್ರಮ್ಮ ಹೇಳುತ್ತಿದ್ದ ಆ ಅರಮನೆ ಎಲ್ಲಿತ್ತೋ ಶ್ರೀರಕ್ಷಾ ಕಾಣಳು. ಬಡಿತ ಮಾತ್ರ ಈಗ ನಾಗಪುರದ ಪ್ರತಾಪ ನಗರದಲ್ಲಿ, ತಮ್ಮ ಮನೆಯೆದುರು ನಿಂತ ಹಳೆಯ ಕಾರಿನ ಹೊಟ್ಟೆಯೊಳಗಿತ್ತು.

ಅಪ್ಪ ರುದ್ರಪ್ಪನವರಿಗೆ ಅದು ಕೇಳಿಸುತ್ತಿರಲಿಲ್ಲ. ಕಾರ್ಖಾನೆಯ ಯಂತ್ರಗಳ ನಡುವೆ ದುಡಿದು ಅವರ ಕಿವಿ ಮಂದವಾಗಿತ್ತು. ಮನೆಯವರೆಲ್ಲ ಗಟ್ಟಿಯಾಗಿ ಮಾತಾಡುತ್ತಿದ್ದರೇ ಹೊರತು ಆ ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಮಧ್ಯಾಹ್ನ ಅಕ್ಕ ತುಂಗಾ ಕೂಸನ್ನು ಕರೆದುಕೊಂಡು ಇದೇ ಕಾರಿನಲ್ಲಿ ಅಮರಾವತಿಗೆ ಹೊರಡುವವಳು. ಅಷ್ಟರೊಳಗೆ ಸದ್ದು ಎಲ್ಲಿಯದೆಂದು ಹೇಳುತ್ತೇನೆ ಎಂದು ಶ್ರೀರಕ್ಷಾ ಅವಳಿಗೆ ಮಾತು ಕೊಟ್ಟಿದ್ದಳು. ಲಾರಿಗಳ ನಡುವೆ ಎಂಜಿನ್ ಜಾಮ್ ಆಗಿಬಿಟ್ಟರೆ?

ರುದ್ರಪ್ಪ ಕೀಲಿ ತಿರುವಿದರು. ತಣ್ಣಗಿದ್ದ ಎಂಜಿನ್ ಮೆತ್ತಗೆ ಗುರುಗುಟ್ಟಿತು.

“ಎಲ್ಲೈತಿ ನಿನ್ನ ಸಪ್ಪಳಾ? ಮೊನ್ನೆ ದಪ್ಪನ್ನ ಆಯಿಲ್ ಹಾಕೀನಿ. ಎಲ್ಲಾ ಬರೋಬರ್ ಆಗೈತಿ.”

“ಆಕಿ ಜೋಡಿ ಗ್ವಾಡಿನೂ ಮಾತಾಡ್ತಾವಪಾ,” ಮೆಟ್ಟಿಲ ಮೇಲೆ ಕೂಸಿಗೆ ಕುಲಾವಿ ಕಟ್ಟುತ್ತಿದ್ದ ತುಂಗಾ ನಕ್ಕಳು. “ಕಥಿ ಉಂಡು ಬೆಳದಾಕಿ.”

“ಎಂಜಿನ್ ಕಾಯಲಿ, ತಡೀರಿ,” ಎಂದಳು ಶ್ರೀರಕ್ಷಾ.

ಎಂಜಿನ್ ಬಿಸಿಯಾಯಿತು, ಆಯಿಲ್ ತೆಳುವಾಯಿತು. ಆಗ ಅಡಿಯಿಂದ ಒನಕೆ ಕುಟ್ಟಿದಂತೆ ಶುರುವಾಯಿತು. ತುಂಗಾಳ ನಗು ಇಳಿಯಿತು.

“ಅಪ್ಪಾ, ಸಪ್ಪಳ ಐತಿ,” ಎಂದಳು ಅವಳೂ.

ರುದ್ರಪ್ಪ ಇಬ್ಬರ ಮುಖವನ್ನೂ ನೋಡಿದರು. “ಇದ್ರ ಮ್ಯಾಲಿನ ವಾಲ್ವಿಂದಿರಬೇಕು. ಹಳೇ ಗಾಡಿ ಅಷ್ಟು ಅಂತಾವ. ಅಮರಾವತಿ ಮುಟ್ಟಸ್ತೈತಿ.”

ಕೂಸು ಅತ್ತಿತು. ತುಂಗಾ ಒಳಗೆ ಹೋದಳು.

“ಕೆಳಗಿನ ಬೇರಿಂಗ್ ಇದ್ರ? ಹಾದ್ಯಾಗ ಎಂಜಿನ್ ಹಿಡಕೊಂಡ ಬಿಡ್ತೈತಿ,” ಶ್ರೀರಕ್ಷಾ ಬಿಡಲಿಲ್ಲ. “ಒಂದೊಂದ ಪ್ಲಗ್ಗಿನ ವೈರ್ ತಗೀರಿ. ಯಾವುದು ತಗದಾಗ ಸಪ್ಪಳ ಸಣ್ಣಾಗ್ತದೋ ಅದರ ಬೇರಿಂಗ್ ಹೋಗೈತಿ. ನೀವ ಹೇಳಿಕೊಟ್ಟದ್ದು.”

ಅವರು ರಬ್ಬರ್ ಕೈಗವಸು ತೊಟ್ಟು, ಬಾನೆಟ್ ಎತ್ತಿ ಬಾಗಿದರು. ಮೊದಲನೆಯ ವೈರು, ಎರಡನೆಯದು; ಬಡಿತ ಬದಲಾಗಲಿಲ್ಲ. ಮೂರನೆಯದಕ್ಕೆ ಕುಗ್ಗಿತು.

“ಇದ,” ಎಂದಳು.

“ನನ್ನ ಕೈ ನೋಡಿ ಹೇಳಬ್ಯಾಡ. ಮಾರಿ ಆ ಕಡೆ ಮಾಡು.”

ಅವಳು ರಸ್ತೆಯತ್ತ ತಿರುಗಿದಳು. ಅಪ್ಪ ಸರದಿ ತಪ್ಪಿಸಿ ವೈರು ತೆಗೆದರು, ಹಾಕಿದರು, ಮತ್ತೆ ತೆಗೆದರು. ಬಡಿತ ಕುಗ್ಗಿದಾಗೆಲ್ಲ ಅವಳು “ಈಗ” ಎನ್ನುವಳು. ಅದು ಪ್ರತಿಸಲವೂ ಮೂರನೆಯದೇ ಆಗಿತ್ತು. ಕೊನೆಗೆ ಅವರು ಎಂಜಿನ್ ನಿಲ್ಲಿಸಿದರು.

“ಯಾವಾಗಿಂದ ಬಡೀತಿತ್ತು?”

“ದೀಪಾವಳಿಕಿಂತ ಮೊದಲಿಂದ.”

“ಕೂಸಿಗೆ ಸೂಜಿ ಹಾಕಸಾಕ ಇದರಾಗ ಕರಕೊಂಡು ಹೋಗೀನಿ,” ಎಂದರು ಮೆಲ್ಲಗೆ. ಕೈಗವಸು ಕಳಚಲು ಬಹಳ ಹೊತ್ತು ತೆಗೆದುಕೊಂಡರು. “ಹೋಗು, ಅಕ್ಕಗ ನೀನ ಹೇಳು.”

ಶ್ರೀರಕ್ಷಾ ಒಳಗೆ ಹೋದಳು. ತುಂಗಾ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

“ಮೂರನೇ ಸಿಲಿಂಡರಿನ ಬೇರಿಂಗ್, ಅಕ್ಕಾ. ಗಾಡಿ ಒಯ್ಯಬ್ಯಾಡ.”